ಹಳೇ ದೋಣಿಯ ಬಣ್ಣ ಉಜ್ಜುವ ಮುಂಚೆ ಇದನ್ನೊಮ್ಮೆ ಓದಿ

ಹಳೇ ಮರದ ದೋಣಿಯೊಂದು ನನಗೆ ಪುಕ್ಕಟೆ ಸಿಕ್ಕಿತು. ನೀರಿಗಿಳಿಸುವ ಹಾಗಿರಲಿಲ್ಲ, ಹಲಗೆಗಳ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಅಂಗಳದಲ್ಲಿಟ್ಟು, ಮಣ್ಣು ತುಂಬಿ, ಅರ್ಧ ಹೂಗಿಡ ಅರ್ಧ ಸೊಪ್ಪು ಬೆಳೆಸಿದರೆ ಚೆಂದ ಅಲ್ವಾ ಅಂದುಕೊಂಡೆ.

ಮೊದಲು ಹಳೇ ಬಣ್ಣ ತೆಗೆಯೋಣ ಅಂತ ಸ್ಯಾಂಡಿಂಗ್ ಮೆಷಿನ್ ಹಿಡಿದು ದೋಣಿಯ ತಳವನ್ನು ಮೂರು ಗಂಟೆ ಉಜ್ಜಿದೆ. ಮೂಗಿಗೆ ಒಂದು ಕರ್ಚೀಫು, ಅಷ್ಟೇ. ಮೇಲೆ ನೀಲಿ, ಅದರಡಿ ಇಟ್ಟಿಗೆ ಕೆಂಪು, ಮರಕ್ಕಂಟಿದ ಹಾಗೆ ಕಿತ್ತಳೆ ಮಿಶ್ರಿತ ಕೆಂಪು. ಖುಷಿಯಲ್ಲಿ ಫೋಟೋ ಬೇರೆ ತೆಗೆದೆ. ಸಂಜೆ ಹೊತ್ತಿಗೆ ಕಣ್ಣುರಿ, ಗಂಟಲು ಕೆರೆತ.

ದೋಣಿ ರಿಪೇರಿ ಮಾಡುವ ಪರಿಚಯದವರೊಬ್ಬರು ಫೋಟೋ ನೋಡಿ ಬೈದರು. "ಅದು ಬರೀ ಬಣ್ಣ ಅಲ್ಲ ಕಣ್ರೀ, ವಿಷ!"

ಅವರು ಹೇಳಿದ್ದು ನಿಜ. ದೋಣಿಯ ತಳಕ್ಕೆ ಬಳಿಯುವ ಬಣ್ಣದ ಕೆಲಸವೇ ಪಾಚಿ, ಚಿಪ್ಪುಜೀವಿಗಳು ಅಂಟದ ಹಾಗೆ ಕೊಲ್ಲುವುದು. ಅದಕ್ಕೇ ಅದರಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ಹಳೆಯದರಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ವಿಷಕಾರಿ ಸಂಯುಕ್ತ ಕೂಡ ಇರಬಹುದು. ಹಡಗುಗಳಿಗೆ ಇದನ್ನು ಬಳಿಯಬಾರದು ಎಂಬ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್‌ನಲ್ಲಿ. ನನ್ನ ದೋಣಿ ಅದಕ್ಕಿಂತ ಎಷ್ಟೋ ಹಳೆಯದು. ಇನ್ನು ಆ ಕಿತ್ತಳೆ ಕೆಂಪು? ಸೀಸದ ಪ್ರೈಮರ್, ಅಂದರೆ ಮರಕ್ಕೆ ಮೊದಲು ಬಳಿಯುವ ಪದರ. ಬಣ್ಣದಲ್ಲಿ ಸೀಸವಿದೆಯೇ ಎಂದು ನೋಡುವ ಕಡ್ಡಿ ತಂದು ತಿಕ್ಕಿದೆ. ಕೂಡಲೇ ಬಣ್ಣ ತಿರುಗಿತು. ಸೀಸಕ್ಕೆ ಇಂತಿಷ್ಟಾದರೆ ತೊಂದರೆಯಿಲ್ಲ ಎನ್ನುವಂಥ ಮಟ್ಟ ಗೊತ್ತೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗಂತೂ ಜಾಸ್ತಿ ಅಪಾಯ.

ನನ್ನ ದೊಡ್ಡ ದಡ್ಡತನ ಆಮೇಲಿನದು. ಆ ಧೂಳನ್ನು ಪೊರಕೆಯಲ್ಲಿ ಗುಡಿಸಿದ್ದೆ! ನೆಲದಲ್ಲಿದ್ದದ್ದೂ ಗಾಳಿಗೆದ್ದಿತು. ಉಜ್ಜುವಾಗ ಹಾಕಿಕೊಂಡಿದ್ದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆಗೇ ಒಗೆಯಲು ಹಾಕಿದ್ದೆ. ಮರುದಿನ ಡಾಕ್ಟರ್ ಹತ್ತಿರ ಹೋಗಿ ಎಲ್ಲರಿಗೂ ರಕ್ತಪರೀಕ್ಷೆ ಮಾಡಿಸಿದೆ. ಫಲಿತಾಂಶ ಬರುವ ತನಕ ನಿದ್ದೆ ಹತ್ತಲಿಲ್ಲ. ಪುಣ್ಯಕ್ಕೆ ಗಾಬರಿಪಡುವಂಥದ್ದೇನೂ ಬರಲಿಲ್ಲ.

ನೀವು ಕೈ ಹಾಕುವುದಾದರೆ ಮೊದಲು ಬಣ್ಣ ಪರೀಕ್ಷಿಸಿ. ಸೀಸ ಇದ್ದರೆ ಒಣಗಿದ್ದನ್ನು ಉಜ್ಜಲೇಬೇಡಿ, ಸುಡಲೂಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿ, ಎದ್ದು ಬರುವಷ್ಟನ್ನು ಮಾತ್ರ ಕೆರೆಯಿರಿ. ಕರ್ಚೀಫು ಸಾಲದು, ಸೀಸದ ಧೂಳು ತಡೆಯುವ ಫಿಲ್ಟರ್ ಮಾಸ್ಕ್ ಬೇಕು. ಕೆರೆದದ್ದನ್ನು ಗಿಡದ ಬುಡಕ್ಕೋ ಚರಂಡಿಗೋ ಸುರಿಯಬೇಡಿ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಿ. ಸಾಧ್ಯವಾದರೆ ಈ ಕೆಲಸ ಗೊತ್ತಿರುವವರಿಗೇ ಬಿಡಿ.

ಈ ಗಲಾಟೆಯಲ್ಲಿ ದೋಣಿಯನ್ನು ಮರೆತೇಬಿಟ್ಟಿದ್ದೆ. ನೆನೆದ ಹಲಗೆ ಉಬ್ಬಿ ಸಂದಿ ಮುಚ್ಚಿಕೊಂಡು, ಅದರಲ್ಲಿ ಮಳೆನೀರು ನಿಂತು ಸೊಳ್ಳೆಮರಿ ಓಡಾಡತೊಡಗಿದ್ದವು. ನೀರು ಹರಿದುಹೋಗಲು ತಳದಲ್ಲಿ ತೂತು ಬೇಕು. ತೂಕವನ್ನೂ ಯೋಚಿಸಿ: ಒಂದು ಘನ ಮೀಟರ್ ಒದ್ದೆ ಮಣ್ಣು ಸುಮಾರು 1.5 ಟನ್ ಬರುತ್ತದೆ. ಶಿಥಿಲವಾದ ಹಲಗೆ ತಡೆಯುವುದಿಲ್ಲ.

ಈಗ ಹಳೇ ಬಣ್ಣದ ಮೇಲೆ ಹೊಸದು ಬಳಿದು ಮುಚ್ಚಿದ್ದೇನೆ. ಮಣ್ಣು ತುಂಬಿಲ್ಲ, ಒಳಗೆ ಹೂವಿನ ಕುಂಡಗಳನ್ನಷ್ಟೇ ಇಟ್ಟಿದ್ದೇನೆ. ಸೊಪ್ಪಿನ ಯೋಚನೆ ಬಿಟ್ಟೆ. ಧೂಳು ಬಿದ್ದ ಜಾಗದ ಮೇಲ್ಮಣ್ಣು ತೆಗೆಸಿಯಾಗಿದೆ, ಆದರೂ ಅಲ್ಲಿ ಏನನ್ನೂ ನೆಡುವ ಮನಸ್ಸಾಗಿಲ್ಲ.