ಸೆಲ್ವೇಜ್ ಪಟ್ಟಿಯ ಎರಡು ಪೊಟ್ಟಣ: ತೂಕಕ್ಕಿಂತ ಅಗಲ ಮುಖ್ಯ

ಬಟ್ಟೆಯ ಅಂಚನ್ನು ಕಿಲೋ ಲೆಕ್ಕದಲ್ಲಿ ಮಾರುವವರು ಆನ್‌ಲೈನಿನಲ್ಲಿ ಈಗ ಸಾಕಷ್ಟು ಜನ ಇದ್ದಾರೆ. ಹೊಲಿಯುವವರು ಮೊದಲು ಕತ್ತರಿಸಿ ಬದಿಗೆ ಹಾಕುತ್ತಾರಲ್ಲ, ಬಿಗಿ ನೇಯ್ಗೆಯ ಬಿಳಿ ಪಟ್ಟಿ, ಮೇಲೆ ಸಣ್ಣ ಅಕ್ಷರ, ಪಕ್ಕದಲ್ಲಿ ಸಾಲಾಗಿ ಬಣ್ಣದ ಚುಕ್ಕಿ, ಅದೇ ಸೆಲ್ವೇಜ್. ನಾನು ಇಬ್ಬರು ಬೇರೆ ಬೇರೆ ಮಾರಾಟಗಾರರಿಂದ ಒಂದೊಂದು ಕಿಲೋ ತರಿಸಿಕೊಂಡೆ. ಒಂದು ಪೊಟ್ಟಣದಲ್ಲಿ ದೊಡ್ಡವರು ಹೊದೆಯುವಂಥ ಕೌದಿಯೇ ಆಯಿತು, ಆಮೇಲೂ ಕೈಚೀಲಕ್ಕೆ, ಸೂಜಿದಿಂಬಿಗೆ ಪಟ್ಟಿ ಉಳಿಯಿತು. ಇನ್ನೊಂದರಲ್ಲಿ ಕೌದಿಯ ಆಸೆಯನ್ನೇ ಬಿಡಬೇಕಾಯಿತು. ಎರಡೂ ಬಹುಪಾಲು ಹತ್ತಿಯ ಬಟ್ಟೆ, ಎರಡರಲ್ಲೂ ಒಳ್ಳೊಳ್ಳೆಯ ಪ್ರಿಂಟು, ತೂಕದಲ್ಲೂ ಮೋಸವಿಲ್ಲ. ಒಬ್ಬರು ಅಂಚಿನ ಜೊತೆ ಮುಕ್ಕಾಲು ಇಂಚಿನಷ್ಟು ಪ್ರಿಂಟಿನ ಬಟ್ಟೆಯನ್ನೂ ಬಿಟ್ಟು ಕತ್ತರಿಸಿದ್ದರು. ಇನ್ನೊಬ್ಬರು ಬಿಳಿ ಪಟ್ಟಿಯ ಬುಡಕ್ಕೇ ಕತ್ತರಿ ಹಾಕಿದ್ದರು. ಇಷ್ಟೇ ವ್ಯತ್ಯಾಸ.

ಆ ಮುಕ್ಕಾಲು ಇಂಚು ಯಾಕೆ ಅಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಲೆಕ್ಕವೇ ಇದೆ. ಸೆಲ್ವೇಜ್ ಕೌದಿಯಲ್ಲಿ ಪಟ್ಟಿಗಳನ್ನು ಒಂದರ ಮೇಲೊಂದು ಕಾಲಿಂಚು ಏರಿಸಿ ಹೊಲಿಯುತ್ತೇವೆ. ಪ್ರತಿ ಪಟ್ಟಿಯಲ್ಲೂ ಆ ಕಾಲಿಂಚು ಅಡಿಗೆ ಹೋಗಿ ಕಾಣದಾಗುತ್ತದೆ. ಅರ್ಧ ಇಂಚಿನ ಬಿಳಿ ಅಂಚಿಗೆ ಆ ಮುಕ್ಕಾಲು ಸೇರಿದ ಒಂದೂಕಾಲು ಇಂಚಿನ ಪಟ್ಟಿಯಾದರೆ ಒಂದು ಇಂಚು ಕಣ್ಣಿಗೆ ಬೀಳುತ್ತದೆ. ಅರ್ಧ ಇಂಚಿನದಾದರೆ ಬರೀ ಕಾಲಿಂಚು. 60 ಇಂಚು ಅಗಲ, 72 ಇಂಚು ಉದ್ದದ ಕೌದಿಗೆ ಅಗಲದ ಪಟ್ಟಿ ಸುಮಾರು 110 ಮೀಟರ್ ಬೇಕು, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ. ಕೌದಿಯನ್ನು ಚೌಕ ಚೌಕವಾಗಿ ಹೊಲಿದು ಜೋಡಿಸುವುದರಿಂದ, ಅವುಗಳ ಮೂಲೆಯಲ್ಲಿ ಕತ್ತರಿಸಿ ಹೋಗುವುದನ್ನೂ ಸೇರಿಸಿದರೆ ಇನ್ನಷ್ಟು. ಅದೇ ಕೌದಿಗೆ ಅರ್ಧ ಇಂಚಿನ ಪಟ್ಟಿ ಸುಮಾರು 440 ಮೀಟರ್ ಬೇಕು! ತೂಕ 800 ಗ್ರಾಂ ದಾಟುತ್ತದೆ ಅನ್ನುವುದು ಹಾಗಿರಲಿ, ಹೊಲಿಗೆ ನಾಲ್ಕು ಪಟ್ಟು. 12 ಇಂಚಿನ ಒಂದು ಚೌಕಕ್ಕೆ ಕರ್ಣದುದ್ದಕ್ಕೂ 17–18 ಪಟ್ಟಿ ಜೋಡಿಸುವ ಕಡೆ 70 ಪಟ್ಟಿ ಜೋಡಿಸಬೇಕು, ಅಂಥ ಚೌಕ 30 ಆಗಬೇಕು. ಮಾಡಿದರೂ ಕಾಲಿಂಚಿಗೊಂದು ಹೊಲಿಗೆ ಬಿದ್ದು ಬಟ್ಟೆ ರಟ್ಟಿನಂತೆ ಸೆಟೆದುಕೊಳ್ಳುತ್ತದೆ, ಹೊದೆಯಲು ಬರುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲೆ ‘1 ಕಿಲೋ’ ಅಂತ ಬರೆದದ್ದನ್ನು ನೋಡಿ ಯಾರೂ ಹಣ ಕಟ್ಟಬೇಡಿ. ಎಷ್ಟು ಅಗಲಕ್ಕೆ ಕತ್ತರಿಸಿದ್ದೀರಿ ಎಂದು ಕೇಳಿ.

ಇದನ್ನು ಮೊದಲ ಸಲ ಕೇಳುವವರಿಗೆ, ಎಸೆಯುವ ಅಂಚಿನಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಮಗ್ಗದಲ್ಲಿ ಹೊಕ್ಕಿನ ನೂಲು ಹಾಸಿನ ಕೊನೆಯ ಎಳೆ ತಲುಪಿ, ಅಲ್ಲಿಂದ ತಿರುಗಿ ವಾಪಸು ಬರುವ ಜಾಗ ಅದು. ಲಾಳಿ ಓಡುವ ಮಗ್ಗದಲ್ಲಿ ಅಂಚು ತಾನಾಗಿಯೇ ಕಟ್ಟಿಕೊಳ್ಳುತ್ತದೆ, ಎಳೆ ಬಿಡುವುದಿಲ್ಲ. ಲಾಳಿಯಿಲ್ಲದ ಇಂದಿನ ಮಗ್ಗಗಳಲ್ಲಿ, ಅಂದರೆ ರೇಪಿಯರ್ ಮತ್ತು ಏರ್‌ಜೆಟ್ ಮಗ್ಗಗಳಲ್ಲಿ, ಹೊಕ್ಕಿನ ಪ್ರತಿ ಎಳೆಯನ್ನೂ ಕೊನೆಯಲ್ಲಿ ಕತ್ತರಿಸುವುದರಿಂದ ಅಂಚಿಗೆ ಕುಚ್ಚಿನಂತೆ ನೂಲು ಚಾಚಿಕೊಂಡಿರುತ್ತದೆ. ಅದು ಬಿಚ್ಚಿಹೋಗದಂತೆ ಪಕ್ಕದ ಹಾಸಿನ ಎಳೆಗಳನ್ನು ಹುರಿ ಹಾಕಿ ಬಿಗಿದಿರುತ್ತಾರೆ, ಇಲ್ಲವೇ ಕತ್ತರಿಸಿದ ತುದಿಯನ್ನು ಒಳಗೆ ತಿರುಗಿಸಿರುತ್ತಾರೆ. ಎರಡೂ ಬಗೆಯವು ನನ್ನ ಪೊಟ್ಟಣದಲ್ಲಿದ್ದವು. ಕುಚ್ಚಿನ ಪಟ್ಟಿಯನ್ನು ಕೆಲವರು ಆರಿಸಿ ಪಕ್ಕಕ್ಕಿಡುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ, ನುಣುಪಾದ ಪಟ್ಟಿಗಳ ನಡುವೆ ಅಲ್ಲೊಂದು ಇಲ್ಲೊಂದು ಹಾಕಿದರೆ ಕೈಯಾಡಿಸಲು ಹಿತ.

ಇನ್ನು ಬಿಳಿ ಪಟ್ಟಿಯುದ್ದಕ್ಕೂ ಇರುವ ಸಣ್ಣ ತೂತುಗಳನ್ನು ನೋಡಿ ಹುಳ ತಿಂದಿದೆ ಅಂದುಕೊಳ್ಳಬೇಡಿ. ಬಟ್ಟೆಗೆ ಕೊನೆಯ ಸಂಸ್ಕರಣೆ ಮಾಡುವಾಗ ಎರಡೂ ಅಂಚನ್ನು ಸೂಜಿಗಳ ಸಾಲಿಗೆ ಸಿಕ್ಕಿಸಿ, ಅಗಲಕ್ಕೆ ಎಳೆದು ಹಿಡಿದು ಒಣಗಿಸುತ್ತಾರೆ. ಆ ಸೂಜಿಯ ಗುರುತು ಅದು. ಹೀಗೆ ಬಿಗಿಯಾಗಿ ನೇಯ್ದು ಎಳೆದ ಭಾಗ ಒಗೆದಾಗ ಉಳಿದ ಬಟ್ಟೆಯಷ್ಟೇ ಕುಗ್ಗುವುದಿಲ್ಲ. ಉಡುಪಿನ ಹೊಲಿಗೆಯೊಳಗೆ ಸೇರಿದರೆ ನಿರಿಗೆ ಎಳೆಯುತ್ತದೆ, ಅದಕ್ಕೇ ಟೈಲರುಗಳು ತೆಗೆದು ಹಾಕುವುದು. ಕೌದಿಯಲ್ಲಿ ಮಾತ್ರ ಅದೇ ಗುಣ ಅನುಕೂಲಕ್ಕೆ ಬರುತ್ತದೆ. ಅಂಚು ಹಾಸಿನ ದಿಕ್ಕಿನಲ್ಲೇ ಇರುವುದರಿಂದ ಎಳೆದರೂ ಜಗ್ಗುವುದಿಲ್ಲ, ಮಡಚಿ ಹೊಲಿಯಬೇಕಾದ ಅಗತ್ಯವೂ ಇಲ್ಲ.

ನನ್ನನ್ನು ಈ ಪಟ್ಟಿಗಳಿಗೆ ಅಂಟಿಸಿದ್ದು ಮಾತ್ರ ಆ ಬಣ್ಣದ ಚುಕ್ಕಿಗಳು. ನಾನು ವರ್ಷಗಟ್ಟಲೆ ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವಳು. ಕಾಗದದ ಅಂಚಿನಲ್ಲಿ ಬರುವ ಬಣ್ಣದ ಪಟ್ಟಿ, ಅಡ್ಡಗೀಟಿನ ಗುರುತುಗಳೇ ನನ್ನ ಅನ್ನ. ಕಾಗದದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕರಲ್ಲೇ ಬಹುಪಾಲು ಎಲ್ಲ ಬಣ್ಣ ಬರಿಸುತ್ತೇವೆ. ಸ್ಕ್ರೀನ್ (ಬಣ್ಣ ಇಳಿಸುವ ಜಾಲರಿ) ಹಾಕಿ ಅಚ್ಚು ಮಾಡುವ ಬಟ್ಟೆಯಲ್ಲಿ ಹಾಗಲ್ಲ, ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಅಂಚಿನ ಒಂದೊಂದು ಚುಕ್ಕಿಯೂ ಒಂದೊಂದು ಸ್ಕ್ರೀನಿನ ಗುರುತು. 14 ಚುಕ್ಕಿ ಇದ್ದರೆ ಆ ಪ್ರಿಂಟಿಗೆ 14 ಸ್ಕ್ರೀನ್ ಓಡಿದೆ ಎಂದು ತಿಳಿಯಬೇಕು. ಕೆಲವು ಕಂಪನಿಗಳು ಚುಕ್ಕಿಯ ಬದಲು ಪ್ರಿಂಟಿಗೆ ತಕ್ಕ ಆಕಾರ ಹಾಕುತ್ತವೆ, ಹಕ್ಕಿಯ ಪ್ರಿಂಟಿಗೆ ಹಕ್ಕಿ, ಎಲೆಯ ಪ್ರಿಂಟಿಗೆ ಎಲೆ. ನನ್ನ ಪೊಟ್ಟಣದಲ್ಲಿದ್ದ ಒಂದು ಹಸಿರು ಪಟ್ಟಿಯಲ್ಲಿ ಸಾಲಾಗಿ ಒಂಬತ್ತು ವೃತ್ತಗಳಿವೆ. ಎಂಟು ವೃತ್ತಗಳಲ್ಲಿ ಬಣ್ಣ ಗೆರೆಯೊಳಗೆ ಸರಿಯಾಗಿ ಕೂತಿದೆ. ಏಳನೆಯದು, ಕಡುಗಂದು, ಗೆರೆ ದಾಟಿ ಎಡಕ್ಕೆ ಕೂದಲೆಳೆಯಷ್ಟು ಸರಿದಿದೆ. ಪಕ್ಕದಲ್ಲೇ ಉಳಿದಿರುವ ಪ್ರಿಂಟನ್ನು ನೋಡಿದರೆ, ಎಲೆಯ ನಡುವೆ ಇರಬೇಕಾದ ಕಂದು ನರ ಎಲೆಯ ಮಧ್ಯ ಬಿಟ್ಟು ಎಡಕ್ಕೆ ವಾಲಿದೆ. ಯಂತ್ರದ ಪಕ್ಕ ನಿಂತವರು ಇಂಥದ್ದನ್ನು ಹಿಡಿಯಲೆಂದೇ ಆ ವೃತ್ತಗಳನ್ನು ಅಲ್ಲಿ ಇಟ್ಟಿರುವುದು. ಆ ಪಟ್ಟಿಯನ್ನು ಕೌದಿಯ ನಡುಭಾಗದ ಚೌಕವೊಂದಕ್ಕೆ ಹಾಕಿದ್ದೇನೆ. ಬುಡಕ್ಕೇ ಕತ್ತರಿಸಿದ ಪೊಟ್ಟಣದಲ್ಲಿ ಚುಕ್ಕಿ ಇರುತ್ತದೆ, ಅದು ಯಾವ ಹೂವಿನದು, ಯಾವ ಎಲೆಯದು ಅನ್ನುವುದು ಮಾತ್ರ ಗೊತ್ತಾಗುವುದೇ ಇಲ್ಲ. ನನಗೆ ಅದು ಎಲ್ಲಕ್ಕಿಂತ ದೊಡ್ಡ ನಷ್ಟ.

ಅಕ್ಷರಗಳ ಬಗ್ಗೆ ಒಂದು ಮಾತು. ವಿನ್ಯಾಸ ಮಾಡಿದವರ ಹೆಸರು, ಕಂಪನಿ, ಪ್ರಿಂಟಿನ ಹೆಸರು, ಕೆಲವೊಮ್ಮೆ ಇಸವಿ, ಎಲ್ಲವೂ ಸಾಮಾನ್ಯವಾಗಿ ಒಂದೇ ಬದಿಯ ಅಂಚಿನಲ್ಲಿ ಇರುತ್ತದೆ. ಇನ್ನೊಂದು ಬದಿ ಬಹುತೇಕ ಖಾಲಿ. ಆದ್ದರಿಂದ ಬರೀ ಅಕ್ಷರದ ಪಟ್ಟಿಗಳೇ ಬೇಕು ಅನ್ನುವವರಿಗೆ ಕಿಲೋ ಪೊಟ್ಟಣದಲ್ಲಿ ಒಂದಷ್ಟು ನಿರಾಸೆ ಖಂಡಿತ. ನನಗೆ ಖಾಲಿ ಪಟ್ಟಿಯೂ ಬೇಕು. ಎಲ್ಲ ಸಾಲಲ್ಲೂ ಅಕ್ಷರ ತುಂಬಿದರೆ ಯಾವುದನ್ನೂ ಓದಲು ಮನಸ್ಸಾಗುವುದಿಲ್ಲ.

ಉದ್ದವನ್ನೂ ವಿಚಾರಿಸಿ. ಅಂಚು ಬಟ್ಟೆಯ ಉದ್ದಕ್ಕೆ ಇರುತ್ತದೆ, ಅಗಲಕ್ಕಲ್ಲ. ಕಾಲು ಮೀಟರ್ ತುಂಡಿನಿಂದ ತೆಗೆದ ಪಟ್ಟಿ 25 ಸೆಂಟಿಮೀಟರ್ ಮಾತ್ರ ಇರುತ್ತದೆ. 18 ಇಂಚಿಗೆ 22 ಇಂಚಿನ ಫ್ಯಾಟ್ ಕ್ವಾರ್ಟರ್ ತುಂಡಿನಲ್ಲಿ ಅಂಚು ಒಂದೇ ಬದಿಗೆ, 18 ಇಂಚು. 12 ಇಂಚಿನ ಚೌಕದ ಕರ್ಣಕ್ಕೆ ಇದು ಹೇಳಿ ಮಾಡಿಸಿದ ಉದ್ದ. ಮೊದಲ ಪೊಟ್ಟಣದಲ್ಲಿ ಹೆಚ್ಚಿನವು ಅಷ್ಟು ಅಥವಾ ಅದಕ್ಕೂ ಉದ್ದ ಇದ್ದವು, ಗಂಟು ಗಂಟಾಗದಂತೆ ಸುರುಳಿ ಸುತ್ತಿ ಕಳಿಸಿದ್ದರು. ಎರಡನೆಯದು ಒಂದೇ ಉಂಡೆ. ಅದನ್ನು ಬಿಡಿಸುತ್ತಾ ಕೂತದ್ದೇ ಒಂದು ಕೆಲಸ.

ಹೊಲಿದದ್ದು ಹೀಗೆ. ಹಳೆಯ ತೆಳು ಹತ್ತಿ ಬೆಡ್‌ಶೀಟನ್ನು 13 ಇಂಚಿನ ಚೌಕಗಳಾಗಿ ಕತ್ತರಿಸಿ ತಳಬಟ್ಟೆ ಮಾಡಿಕೊಂಡೆ. ಒಂದು ಮೂಲೆಗೆ ಪ್ರಿಂಟಿನ ತ್ರಿಕೋನ ತುಂಡು. ಅದರ ಹಸಿ ಅಂಚಿನ, ಅಂದರೆ ಕತ್ತರಿಸಿದ ಬದಿಯ, ಮೇಲೆ ಮೊದಲ ಪಟ್ಟಿಯ ಗಟ್ಟಿ ಅಂಚು ಕಾಲಿಂಚು ಏರಬೇಕು, ತುದಿಯ ಪಕ್ಕದಲ್ಲೇ ಒಂದು ನೇರ ಹೊಲಿಗೆ. ಆ ಪಟ್ಟಿಯ ಹಸಿ ಅಂಚಿನ ಮೇಲೆ ಮುಂದಿನದರ ಗಟ್ಟಿ ಅಂಚು. ಹೀಗೆಯೇ ಎದುರು ಮೂಲೆಯವರೆಗೆ. ತಿರುಗಿಸಿ ಮಡಚುವ ಕೆಲಸವಿಲ್ಲ, ಹಾಕಿದ್ದು ಹಾಕಿದ ಹಾಗೇ ಕಾಣುತ್ತದೆ. ಎಲ್ಲ ಹೊಲಿಗೆಯೂ ಮೇಲೆಯೇ ಕಾಣುವುದರಿಂದ ತಿಳಿ ಬೂದು ಬಣ್ಣದ ದಾರ ಹಾಕಿದೆ, ಅದು ಬಿಳಿಗೂ ಹೊಂದುತ್ತದೆ, ಕಡು ಬಣ್ಣಕ್ಕೂ ಹೊಂದುತ್ತದೆ. ಹೊಲಿಗೆಯ ಉದ್ದ 2.5 ಮಿಲಿಮೀಟರ್. ಬಿಗಿ ನೇಯ್ಗೆಗೆ 90/14 ಸೂಜಿ ಬೇಕು, ತೆಳು ಸೂಜಿ ಹಾಕಿದರೆ ಹೊಲಿಗೆ ಜಿಗಿಯುತ್ತದೆ. ವಾಕಿಂಗ್ ಫುಟ್, ಅಂದರೆ ಮೇಲಿನ ಪದರವನ್ನೂ ಎಳೆದುಕೊಂಡು ಹೋಗುವ ಮೆಷಿನ್ನಿನ ಪಾದ, ಇದ್ದರೆ ಖಂಡಿತ ಹಾಕಿಕೊಳ್ಳಿ, ಮೇಲಿನ ಪಟ್ಟಿ ಮುಂದಕ್ಕೆ ತಳ್ಳಿಕೊಂಡು ಹೋಗುವುದು ನಿಲ್ಲುತ್ತದೆ. ಚೌಕ ತುಂಬಿದ ಮೇಲೆ ಹನ್ನೆರಡೂವರೆ ಇಂಚಿಗೆ ಕತ್ತರಿಸಿ ಸುತ್ತಲೂ ಒಂದು ಹೊಲಿಗೆ ಹಾಕಬೇಕು. ಪಟ್ಟಿಗಳು ಓರೆಯಾಗಿ ಕತ್ತರಿಸಿ ಹೋಗಿರುತ್ತವೆ, ಆ ಹೊಲಿಗೆ ಇಲ್ಲದಿದ್ದರೆ ಚೌಕ ಕೈಯಲ್ಲಿ ಎತ್ತಿದಾಗ ತುದಿಗಳು ಬಿಚ್ಚಿಕೊಳ್ಳುತ್ತವೆ.

ಕೌದಿ ಭಾರವಾಗಿದೆ, ಅದನ್ನು ಹೇಳಲೇಬೇಕು. ತಳಬಟ್ಟೆ, ಒಂದರ ಮೇಲೊಂದು ಪಟ್ಟಿ, ನಡುವಿನ ಹತ್ತಿ ಪದರ, ಹಿಂದಿನ ಬಟ್ಟೆ, ಎಲ್ಲ ಸೇರಿದೆ. ನಡುವೆ ತೆಳು ಪದರವನ್ನೇ ಹಾಕಿ. ಹಗುರ ಬೇಕೆನ್ನುವವರು ತಳಬಟ್ಟೆಯ ಬದಲು ತೆಳು ಕಾಗದ ಇಟ್ಟು, ಹೊಲಿಗೆಯ ಉದ್ದ 1.5 ಮಿಲಿಮೀಟರಿಗೆ ಇಳಿಸಿ, ಆಮೇಲೆ ಕಾಗದ ಹರಿದು ತೆಗೆಯಬಹುದು. ನನಗೆ ಆ ಹರಿಯುವ ಕೆಲಸಕ್ಕಿಂತ ಭಾರವೇ ಮೇಲು.

ಈ ಪೊಟ್ಟಣಗಳಲ್ಲಿ ಬಟ್ಟೆ ಬೆರಕೆ ಇರುವುದುಂಟು. ಮೊದಲನೆಯದರಲ್ಲೂ ನಾಲ್ಕಾರು ಪಾಲಿಯೆಸ್ಟರ್ ಪಟ್ಟಿ ಸಿಕ್ಕವು. ಅನುಮಾನ ಬಂದ ಪಟ್ಟಿಯಿಂದ ಎರಡೆಳೆ ತೆಗೆದು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದನ್ನು ಕೌದಿಗೆ ಸೇರಿಸಿದರೆ ಬಿಸಿ ಇಸ್ತ್ರಿ ತಡೆಯುವುದಿಲ್ಲ. ಕಡುಗೆಂಪು, ಕಡುನೀಲಿ ಪಟ್ಟಿಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುವುದನ್ನೂ ಬಿಡಬೇಡಿ, ಇಡೀ ಕೌದಿಯ ತುಂಬ ಬಿಳಿ ಗೆರೆಗಳಿರುವಾಗ ಬಣ್ಣ ಬಿಟ್ಟರೆ ಅಡಗಿಸಲು ಜಾಗವಿಲ್ಲ. ಇಷ್ಟು ನೋಡಿಕೊಂಡ ಮೇಲೆ ನನ್ನದು ತಣ್ಣೀರಿನಲ್ಲಿ ಒಗೆದು ಬಂದಿದೆ, ಒಂದು ಗೆರೆಯೂ ಮಾಸಿಲ್ಲ. ಇಂಚಿಂಚಿಗೂ ಹೊಲಿಗೆ ಹಿಡಿದಿರುವುದರಿಂದ ಅಂಚು ಮತ್ತು ಬಟ್ಟೆ ಬೇರೆ ಬೇರೆ ಕುಗ್ಗಿದ್ದೂ ಎದ್ದು ಕಾಣುವುದಿಲ್ಲ.

ಎರಡನೆಯ ಪೊಟ್ಟಣವನ್ನು ಪೂರಾ ತಳ್ಳಿಹಾಕಲಾರೆ. ಅರ್ಧ ಇಂಚಿನ ಪಟ್ಟಿಗೆ ಅದರದೇ ಕೆಲಸಗಳಿವೆ. ಜಗ್ಗುವ ಬಟ್ಟೆಯ ಅಂಗಿಗೆ ಭುಜದ ಹೊಲಿಗೆಯಲ್ಲಿ ತೆಳು ಸೆಲ್ವೇಜ್ ಪಟ್ಟಿ ಇಟ್ಟು ಹೊಲಿದರೆ ಭುಜ ಇಳಿಯುವುದಿಲ್ಲ, ಅಂಗಡಿಯ ಟೇಪ್ ಬೇಕಾಗುವುದೇ ಇಲ್ಲ. ಎರಡು ಪಟ್ಟಿ ಬೆನ್ನಿಗೆ ಬೆನ್ನು ಸೇರಿಸಿ ಹೊಲಿದರೆ ಬೀಗದಕೈಗೆ ಕುಣಿಕೆ, ಪುಸ್ತಕದ ನಡುವೆ ಇಡುವ ಪಟ್ಟಿ. ಸೂಜಿದಿಂಬಿನ ಮೇಲ್ಮೈಗೆ ಕಾಲಿಂಚಿನ ಸಾಲುಗಳು ಚೆನ್ನಾಗಿ ಕಾಣುತ್ತವೆ, ಸಣ್ಣ ವಸ್ತುವಾದ್ದರಿಂದ ಸೆಟೆದುಕೊಂಡರೂ ತೊಂದರೆಯಿಲ್ಲ. ದಪ್ಪ ಕೊಕ್ಕೆಯಿಂದ ಕ್ರೋಶಾ ಹೆಣೆದು ಕಾಲೊರೆಸುವ ಚಾಪೆಯನ್ನೂ ಶುರುಮಾಡಿದ್ದೇನೆ, ಅಲ್ಲಿ ಕಿಲೋ ಲೆಕ್ಕವೇ ಸರಿ. ಈ ಪೊಟ್ಟಣವನ್ನು ‘ಕೌದಿಗೆ’ ಎಂದು ಹೆಸರಿಟ್ಟು ಮಾರಿದ್ದಕ್ಕಷ್ಟೇ ನನ್ನ ಆಕ್ಷೇಪ. ‘ಹೆಣಿಗೆಗೆ, ಸಣ್ಣ ಕೆಲಸಕ್ಕೆ’ ಎಂದು ಬರೆದಿದ್ದರೆ ಒಳ್ಳೆಯ ಸರಕು.

ಮೊದಲ ಪೊಟ್ಟಣಕ್ಕೆ ಐದರಲ್ಲಿ ಐದು ಕೊಡುತ್ತೇನೆ, ಪಾಲಿಯೆಸ್ಟರ್ ಸಿಕ್ಕರೂ. ಕತ್ತರಿಸಿದ ಕೈಗೆ ಹೊಲಿಯುವವರ ಕಷ್ಟ ಗೊತ್ತಿತ್ತು ಅನ್ನುವುದು ಪ್ರತಿ ಪಟ್ಟಿಯಲ್ಲೂ ಕಾಣುತ್ತದೆ. ಎರಡನೆಯದಕ್ಕೆ ಎರಡು. ಮಾರುವವರಲ್ಲಿ ನನ್ನ ಕೋರಿಕೆ ಇಷ್ಟು: ಫೋಟೋದಲ್ಲಿ ಪಟ್ಟಿಯ ಪಕ್ಕ ಒಂದು ಸ್ಕೇಲ್ ಇಡಿ, ಅತಿ ಕಿರಿದಾದ ಪಟ್ಟಿಯ ಅಗಲ ಮತ್ತು ಅತಿ ಗಿಡ್ಡ ಪಟ್ಟಿಯ ಉದ್ದ ಬರೆಯಿರಿ. ಕೊಳ್ಳುವವರು, ಅದು ಬರೆದಿಲ್ಲದಿದ್ದರೆ ಮೊದಲು ಮೆಸೇಜ್ ಮಾಡಿ ಕೇಳಿ. ಒಂದೂಕಾಲು ಇಂಚಿಗಿಂತ ಕಡಿಮೆ ಎಂದರೆ ಕೌದಿಗೆ ತರಿಸಬೇಡಿ.