‘ಮೂರಡಿ ಪೈಪ್’ ಅಂತ ಮಾತ್ರ ಹೇಳಿ ಹ್ಯೂಮ್ ಪೈಪ್ ತರಿಸಬೇಡಿ

ಗದ್ದೆ ದಾರಿಗೆ ಅಡ್ಡ ಬರುವ ಕಾಲುವೆಗೆ ಮೋರಿ ಹಾಕಿಸಲು ಹೋದ ಬೇಸಿಗೆಯಲ್ಲಿ ಎರಡು ಹ್ಯೂಮ್ ಪೈಪ್ (ಒಳಗೆ ಕಬ್ಬಿಣ ಹಾಕಿದ ಕಾಂಕ್ರೀಟು ಪೈಪು) ತರಿಸಿದೆ. ಫೋನಿನಲ್ಲಿ ನಾನು ಹೇಳಿದ್ದು ‘ಮೂರಡಿ ಪೈಪು, ಎರಡು’ ಅಂತ, ಅಷ್ಟೇ. ಬಂದ ಮೇಲೆ ಟೇಪು ಹಿಡಿದು ನೋಡಿದೆ, ಒಳಗಿನ ಅಗಲ ಸರಿಯಾಗಿ 900 ಮಿ.ಮೀ. ಇತ್ತು. ಪೈಪಿನ ಗೋಡೆ ಎಷ್ಟು ದಪ್ಪ ಅಂತ ನೋಡಬೇಕೆಂಬುದು ತಲೆಗೆ ಹೊಳೆಯಲೇ ಇಲ್ಲ.

ಕಬ್ಬು ಕಡಿದು ಸಾಗಿಸಲು ಶುರು ಮಾಡಿದ ವಾರದಲ್ಲೇ ಮೋರಿ ಮೇಲಿನ ಮಣ್ಣು ಕುಸಿಯಿತು. ಟಾರ್ಚ್ ಹಿಡಿದು ಒಳಗೆ ನುಗ್ಗಿದರೆ, ನೆತ್ತಿಯ ಉದ್ದಕ್ಕೂ ಗೆರೆ ಎಳೆದ ಹಾಗೆ ಬಿರುಕು. ತಳದಲ್ಲೂ ಹಾಗೇ. ಅಗೆದು ತೆಗೆದಾಗ ಎರಡು ಪಕ್ಕೆಗಳು ಹೊರಮೈಯಲ್ಲಿ ಸೀಳಿದ್ದವು. ಇಂಜಿನಿಯರ್ ಆಗಿರುವ ನನ್ನ ಭಾವಮೈದ ನೋಡಿದ ಕೂಡಲೇ ಹೇಳಿದ: ಮೇಲಿಂದ ಭಾರ ಬಿದ್ದಾಗ ಪೈಪು ಮೊಟ್ಟೆಯಾಕಾರಕ್ಕೆ ಅದುಮಿಕೊಳ್ಳುತ್ತದೆ, ಆಗ ನೆತ್ತಿ, ತಳಗಳ ಒಳಮೈ, ಪಕ್ಕೆಗಳ ಹೊರಮೈ ಜಗ್ಗುತ್ತವೆ. ಕಾಂಕ್ರೀಟು ಜಗ್ಗಿದರೆ ತಾಳುವುದಿಲ್ಲ. ತಾಳಬೇಕಾದದ್ದು ಒಳಗಿನ ಕಬ್ಬಿಣ, ಅದಕ್ಕೆ ಬೆನ್ನು ಕೊಡುವ ಗೋಡೆಯ ದಪ್ಪ.

ನನಗೆ ಬಂದಿದ್ದು ಎನ್‌ಪಿ2 ದರ್ಜೆಯದು, ಗೋಡೆ ತೆಳು. ಕಾಂಕ್ರೀಟು ಪೈಪಿನ ಭಾರತೀಯ ಮಾನದಂಡವಾದ ಐಎಸ್ 458 ಪ್ರಕಾರ ಅದು ಹಗುರ ವಾಹನ ಓಡಾಡುವ ಕಡೆಗೆ. ಎನ್‌ಪಿ3 ಮಧ್ಯಮ ಭಾರಕ್ಕೆ, ಎನ್‌ಪಿ4 ಭಾರೀ ವಾಹನಕ್ಕೆ. ಕಬ್ಬಿನ ಲಾರಿ ಹೋಗುವ ದಾರಿ ಅಂತ ನಾನು ಹೇಳಲಿಲ್ಲ, ಮಾರಿದವರು ಕೇಳಲೂ ಇಲ್ಲ. ಕೇಳಬೇಕಿತ್ತು ಅನ್ನುವ ಕೋಪ ನನಗೆ ಇನ್ನೂ ಇದೆ.

ಎರಡನೇ ಸಲ ಬೇರೆ ಕಡೆ ಹೋದೆ. ‘ಗೋಡೆ 100 ಮಿ.ಮೀ. ಇದೆ ಸಾರ್, ಎನ್‌ಪಿ4 ದರ್ಜೆಯೇ’ ಅಂದರು. ಇನ್ನೇನು ಒಪ್ಪಿಬಿಡುತ್ತಿದ್ದೆ, ಭಾವಮೈದ ತಡೆದ. ಈ ಅಳತೆಯಲ್ಲಿ ಎನ್‌ಪಿ3, ಎನ್‌ಪಿ4 ಎರಡಕ್ಕೂ ದಪ್ಪ 100 ಮಿ.ಮೀ.; ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಕಬ್ಬಿಣದಲ್ಲಿ. ಹಾಗಾಗಿ ಟೇಪು ಒಂದನ್ನೇ ನಂಬಬೇಡಿ. ಪೈಪಿನ ಮೈಮೇಲೆ ದರ್ಜೆ, ತಯಾರಾದ ದಿನಾಂಕ, ಐಎಸ್‌ಐ ಗುರುತು ಇದೆಯೇ ನೋಡಿ. 0.25 ಮಿ.ಮೀ. ಬಿರುಕು ಬರುವ ತನಕ ಭಾರ ಹಾಕಿ ನೋಡುವ ಪರೀಕ್ಷೆಯ ವರದಿ ಕೇಳಿ ಪಡೆಯಿರಿ.

ನನ್ನ ತಪ್ಪು ಇನ್ನೊಂದಿತ್ತು: ಪೈಪಿನ ಮೇಲೆ ಒಂದೇ ಅಡಿ ಮಣ್ಣು ಹಾಕಿಸಿದ್ದೆ. ಕನಿಷ್ಠ 600 ಮಿ.ಮೀ. ಬೇಕು, ತಳಕ್ಕೆ ಸಮವಾದ ಹಾಸೂ ಬೇಕು. ಬಿಲ್ಲಿನಲ್ಲಿ ದರ್ಜೆ ಬರೆದುಕೊಡಲು ಒಪ್ಪದಿದ್ದರೆ ಲಾರಿಯಿಂದ ಪೈಪು ಇಳಿಸಲೇ ಬಿಡಬೇಡಿ.