ತುಮಕೂರಿನ ಗಾಣದ ಅಂಗಡಿ: ಎಣ್ಣೆ ಸೂಪರ್, ಬೋರ್ಡು ನಂಬಬೇಡಿ

ಅಮಾನಿಕೆರೆ ಹತ್ತಿರ ವಾಕಿಂಗ್ ಮಾಡುವವರು ಬರುವಾಗ ಇಲ್ಲೊಮ್ಮೆ ಇಣುಕಬಹುದು. ಕಡಲೆಬೀಜ ಕಣ್ಣೆದುರೇ ಮರದ ಗಾಣಕ್ಕೆ ಸುರಿಯುತ್ತಾರೆ, ಎಣ್ಣೆ ತೆಳ್ಳಗೆ ಡಬ್ಬಕ್ಕೆ ಇಳಿಯುತ್ತದೆ, ಹಿಂಡಿ ಒಳಗೇ ಅಂಟಿಕೊಳ್ಳುತ್ತದೆ, ಆ ಘಮಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಡುಬಿಡುತ್ತೇವೆ. ತಳದಲ್ಲಿ ಸ್ವಲ್ಪ ಮಡ್ಡಿ ಕೂರುತ್ತದೆ, ಅದು ಕಲಬೆರಕೆಯಲ್ಲ.

ನನ್ನ ತಕರಾರು ಗೋಡೆಯ ಬೋರ್ಡಿನ ಬಗ್ಗೆ. ‘ಹಾರ್ಟಿಗೆ ಒಳ್ಳೆಯದು’ ಅಂತ ಕೊಬ್ಬರಿ ಎಣ್ಣೆಗೂ ಸೇರಿಸಿ ಬರೆದಿದ್ದಾರೆ. ಕೊಬ್ಬರಿಗೆ ಹೆಸರಾದ ತಿಪಟೂರು ಇರುವ ಜಿಲ್ಲೆಯಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳಬೇಕು, ಆದರೂ ಹೇಳುತ್ತೇನೆ: ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಅದು ಸುಮಾರು ಐದನೇ ಒಂದು ಭಾಗ ಅಷ್ಟೇ. ಗಾಣದಲ್ಲಿ ತೆಗೆದರೂ ಈ ಲೆಕ್ಕ ಬದಲಾಗಲ್ಲ. ಗಾಣದ್ದು ಅಂತ ದಿನಾ ಬೋಂಡ ಕರಿದರೆ ಏನು ಬಂತು, ಅಲ್ವಾ?

ಕೌಂಟರ್‌ನಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯೂ ಇವೆ. ರುಚಿ ಚೆನ್ನಾಗಿದೆ, ಉಪ್ಪು ವಿಪರೀತ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚವೂ ಇಲ್ಲ. ಬಿಪಿ ಇರುವವರು ಆ ಕಡೆ ನೋಡದೇ ಬನ್ನಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಬೀಡಿ ಸಿಗರೇಟು ಬಿಡಿ, ಅದರ ಮುಂದೆ ಯಾವ ಎಣ್ಣೆಯೂ ದೊಡ್ಡದಲ್ಲ.

ಬೆಲೆ ಪ್ಯಾಕೆಟ್ ಎಣ್ಣೆಗಿಂತ ಜಾಸ್ತಿ. ಕಡಲೆಕಾಯಿ ಎಣ್ಣೆಗೆ ಐದಕ್ಕೆ ನಾಲ್ಕು ಸ್ಟಾರ್, ಬೋರ್ಡಿಗೆ ಒಂದು. ಬಾಟಲಿ ನೀವೇ ಒಯ್ಯಿರಿ, ಅವರ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಸೋರುತ್ತದೆ.